ಬಣ್ಣ ಬಿಡುವ ಹೊತ್ತು

ಸತುವಿನ ನೈಟ್ರೇಟು ನಾಲ್ಕು ದಶಾಂಶದವರೆಗೆ ತೂಗಿ,
ಯೂರಿಯಾ, ಒಂದಿಷ್ಟು ನೀರು.
ಕುಲುಮೆಯ ಕಿಂಡಿಗೆ ಕಣ್ಣಿಟ್ಟು ನಿಂತೆ.
ಕುದಿಯಿತು, ಉಬ್ಬಿತು, ಭಗ್ಗೆಂದಿತು.
ಅರ್ಧ ನಿಮಿಷದ ಬೆಂಕಿ ಅಷ್ಟೇ, ಆಮೇಲೆ
ಬೋಗುಣಿ ತುಂಬ ಮುಟ್ಟಿದರೆ ಕುಸಿಯುವ ನೊರೆ.

ಬಿಸಿಯಿದ್ದಾಗ ಅದು ಹಳದಿ,
ಕುಸುಬಿ ಹೂವಿನ ಹಳದಿ.
ಇಕ್ಕುಳದಲ್ಲಿ ಹಿಡಿದು ಆರಿಸುತ್ತಿದ್ದರೆ
ಕಣ್ಣೆದುರೇ ಬೆಳ್ಳಗಾಗುತ್ತದೆ.
ತನ್ನ ಬಣ್ಣ ತಾನೇ ಉಳಿಸಿಕೊಳ್ಳಲಾರದ್ದು
ಇನ್ನೊಬ್ಬರದನ್ನು ಕಳೆಯುತ್ತದಂತೆ.

ಮೂಲೆಯಲ್ಲಿ ಅಂಬಾಸಾ ಮಾವ ಕೊಟ್ಟ ಕ್ಯಾನು.
ಬೆಟಗೇರಿಯ ಅವನ ಹಂಡೆಯ ಕೊನೆಯ ನೀರು,
ನವಿಲುಗತ್ತಿನ ನೀಲಿ.
ಹಳ್ಳಕ್ಕೆ ಹೋಗಬೇಕಾಗಿದ್ದದ್ದು.
ನಲವತ್ತು ವರ್ಷ ಲಡಿ ಅದ್ದಿದ ಕೈ ಅವನದು,
ಮದುವೆಯ ಅರಿಷಿಣಕ್ಕೂ ಉಗುರಿನ ಬುಡ ಬೆಳಗಲಿಲ್ಲವಂತೆ.
ಮಗ್ಗದ ಓಣಿಯಲ್ಲಿ ಅವನಿಗೆ ಒಂದೇ ಬಿರುದು:
ಅಂಬಾಸಾನ ನೂಲು ಬಣ್ಣ ಬಿಡೂದಿಲ್ಲ.

“ಬಿಡಸೂದು ಕಲಿಯಾಕ ಇಷ್ಟೆಲ್ಲಾ ಓದಿದೇನ, ಸುಗಂಧಾ?”
ನಕ್ಕನೋ ಬೈದನೋ ತಿಳಿಯಲಿಲ್ಲ.
ಕ್ಯಾನು ಮಾತ್ರ ತಾನೇ ತೊಳೆದು, ತುಂಬಿ
ಟಂಟಂ ತನಕ ಹೊತ್ತು ತಂದ.

ಮೊದಲು ಅರ್ಧ ತಾಸು ಕತ್ತಲೆಯಲ್ಲಿ ತಿರುವಬೇಕು.
ಪುಡಿ ಬಣ್ಣವನ್ನು ಬರೀ ಮೈಗೆ ಅಂಟಿಸಿಕೊಂಡಿತೋ
ನಿಜಕ್ಕೂ ಮುರಿಯಿತೋ ಗೊತ್ತಾಗಬೇಕಲ್ಲ.
ಆಮೇಲೆ ಕಾಲೇಜಿನ ಮಾಳಿಗೆ, ಮಾರ್ಚಿನ ಬಿಸಿಲು,
ಕಪ್ಪತಗುಡ್ಡದ ಕಡೆಯ ಗಾಳಿಗೆ
ಹಾರುವ ಹಾಳೆಗಳ ಮೇಲೆ ನನ್ನ ಚಪ್ಪಲಿ.
ಕಾಲು ತಾಸಿಗೊಂದು ಪುಟ್ಟ ಸೀಸೆ.

ಅಂಗಡಿಯಿಂದ ತಂದ ಮಿಥಿಲೀನ್ ಬ್ಲೂ
ಹೋದ ವಾರ ಒಂದೂವರೆ ತಾಸಿಗೇ ಸೋತಿತ್ತು.
ಪಾಪ, ಅದರಲ್ಲಿ ಯಾರ ಮರ್ಯಾದೆಯೂ ಕರಗಿರಲಿಲ್ಲ.
ಮಾವನ ನೀರಿನಲ್ಲಿ ಉಪ್ಪಿದೆ, ಸೋಡಾ ಇದೆ, ಗಂಜಿ ಇದೆ.
ಮೂರು ತಾಸು, ಹನ್ನೆರಡು ಸೀಸೆ,
ಹನ್ನೆರಡನೆಯದರಲ್ಲೂ
ದೀಪ ಹಚ್ಚುವ ಮುಂಚಿನ ಆಕಾಶ.

ನೂರಕ್ಕೆ ನಲವತ್ತೊಂದು ಎಂದಿತು ಯಂತ್ರ.
ನೀರು ಬೆರೆಸಿ ತೆಳುಮಾಡಿ ನೋಡು, ಅಂದರು ಮೇಡಂ,
ಎಲ್ಲರೂ ಹಾಗೇ ಮಾಡುವುದು.
ಹಳ್ಳಕ್ಕೆ ಹಾಗೆ ಯಾರು ತೆಳುಮಾಡಿ ಬಿಡುತ್ತಾರೆ?
ನಲವತ್ತೊಂದು ಎಂದೇ ಬರೆದೆ, ಪೆನ್ನಿನಲ್ಲಿ.

ರಾತ್ರಿ ಫೋನು ಮಾಡಿದೆ.
“ನಲವತ್ತೊಂದು ಹೋತು, ಮಾವಾ.”
ಆ ಕಡೆ ಹಂಡೆ ಕುದಿಯುವ ಸದ್ದು.
“ಉಳದದ್ದು?”
“ಹಂಗೇ ಐತಿ.”

ಸ್ವಲ್ಪ ಹೊತ್ತು ಬರೀ ಕುದಿತ.
ಆಮೇಲೆ, ಗಂಟಲು ಸರಿಮಾಡಿಕೊಂಡು:
“ನಾಳಿಗೆ ಇನ್ನೊಂದು ಕ್ಯಾನ ಕಳಸ್ತೀನಿ.
ಕೆಂಪಿಂದು.
ಅದನ್ನ ಬಿಡಸು, ನೋಡೂಣು.”