ಷರಾ

ಹುದ್ದೆಯ ಹೆಸರು ಕ್ಷೇತ್ರಪಾಲಕ.
ಗುಡಿಯ ಕ್ಷೇತ್ರಪಾಲನಿಗೆ ಎರಡು ಹೊತ್ತು ನೈವೇದ್ಯ,
ನನಗೆ ಪ್ರಯಾಣ ಭತ್ಯೆ,
ಅದೂ ಹೋದ ಯುಗಾದಿಯಿಂದ ಬಾಕಿ.

ವಾಲ್ನೂರಿನ ಕೆಳಗೆ ಹೊಳೆ ಮೊಣಕೈ ಮಡಿಸುವಲ್ಲಿ
ಒಂದು ಬಂಡೆ. ಬಂಡೆಯ ಮೇಲೆ ನಾನು,
ತೊಡೆಯ ಮೇಲೆ ಉದ್ದನೆ ರಿಜಿಸ್ಟರು:
ಪರವಾನಗಿ ಸಂಖ್ಯೆ, ಹಿಡಿದವರ ಹೆಸರು,
ಮೀನಿನ ಉದ್ದ, ತೂಕ, ಬಿಟ್ಟ ಸಮಯ,
ಕೊನೆಗೆ ಬೆರಳಗಲದ ಕಾಲಮ್ಮು, ಷರಾ.
ಆರು ವರ್ಷ ಅಲ್ಲಿ 'ಏನೂ ಇಲ್ಲ' ಎಂದೇ ಬರೆದೆ.

ಚೀಟಿ ತೋರಿಸಿ ಸ್ವಾಮಿ. ಗಾಳ ತೋರಿಸಿ.
ಕೊಕ್ಕೆಯ ಒಳಮುಳ್ಳು ನಡೆಯದು, ಇಕ್ಕಳದಲ್ಲಿ ಒತ್ತಿ.
ರಾಗಿಮುದ್ದೆ ಅಡ್ಡಿಯಿಲ್ಲ.
ಮುಟ್ಟುವ ಮುಂಚೆ ಕೈ ಒದ್ದೆಯಿರಲಿ.
ಫೋಟೋ ಒಂದೇ, ಅದೂ ನೀವು
ನಿಮ್ಮ ಉಸಿರು ಬಿಗಿಹಿಡಿದಷ್ಟೇ ಹೊತ್ತು.
(ಈ ಕೊನೆಯದು ನಿಯಮದಲ್ಲಿಲ್ಲ. ನಾನು ಸೇರಿಸಿದ್ದು.)

ಹರಿಗೋಲಿನ ಕುಳಿಯ ನಗುತ್ತಾನೆ.
ಅವನಜ್ಜ ಕಾರೆಕಾಯಿ ಜಜ್ಜಿ ಕದಡಿ
ಒಂದು ಹೊತ್ತಿನ ಸಾರಿಗೆ ಹಿಡಿದ ಮಡು ಇದು.
ಈಗ ಅವನು ಇಲ್ಲಿ ಹುಟ್ಟು ಹಾಕಬಹುದು,
ಗಾಳ ಹಾಕುವಂತಿಲ್ಲ.
'ತಿನ್ನದಿದ್ದ ಮೇಲೆ ಅದರ ಬಾಯಿಗೆ ಯಾಕೆ ಕೈ ಹಾಕ್ತಾರೆ?'
ಕೇಳಿದ ಒಮ್ಮೆ. ಸುತ್ತೋಲೆಯಲ್ಲಿ ಹುಡುಕಿದೆ.
ಉತ್ತರ ಇರಲಿಲ್ಲ.

ನಾಚಪ್ಪನವರು ಮಾತ್ರ ಬೇರೆ ಥರ.
ಸೊಂಟದವರೆಗೆ ಇಳಿದು, ಬಾಲ ಹಿಡಿದು,
ಹರಿವಿಗೆ ಮುಖ ಮಾಡಿಸಿ ನಿಲ್ಲುತ್ತಾರೆ.
ಕಿವಿರು ತೆರೆದು, ಮುಚ್ಚಿ, ತೆರೆದು,
ಕಿತ್ತಳೆ ರೆಕ್ಕೆಗೆ ಜೀವ ಬರುವ ತನಕ
ಹಸುಗೂಸಿಗೆ ನೀರೆರೆಯುವವರ ಹಾಗೆ.
ಅಂಗೈಯಗಲ ಹುರುಪೆ, ಬೆನ್ನಿನ ಗೂನು,
ಇಲಾಖೆ ಚುಚ್ಚಿದ ಹಳದಿ ಪಟ್ಟಿ, ನಾನೂರ ಹದಿನೇಳು.
'ಹೋಗು ಮಗಾ' ಎಂದರು. ಕಣ್ಣಲ್ಲಿ ನೀರಿತ್ತು. ನೋಡಿದ್ದೇನೆ.

ಅದೇ ಜನವರಿ, ಕಾಫಿ ಕೊಯ್ಲು ಏರಿದ ವಾರ,
ಅವರ ಪಲ್ಪರ್ ಮನೆಯ ತೋಡು
ರಾತ್ರಿ ಹೊಳೆಗೆ ಬಾಯಿ ಬಿಟ್ಟಿತು.
ಬೆಳಿಗ್ಗೆ ಮಡುವಿನ ತುಂಬ ಕಂದು ನೊರೆ, ಹುಳಿ ನಾತ.
ಮೀನುಗಳೆಲ್ಲ ಮೇಲೆ,
ತುಟಿ ಚಾಚಿ, ಮೀಸೆ ನಡುಗಿಸಿ,
ಗಾಳಿಯನ್ನೇ ಗುಟುಕರಿಸುತ್ತಿದ್ದವು.

ಮೀನು ನಮ್ಮ ಇಲಾಖೆಯದು.
ನೀರು ನೀರಾವರಿಯವರದು, ದಡ ಅರಣ್ಯದವರದು,
ಅಡಿಯ ಮರಳು ಗಣಿಯವರದು,
ನೀರಿನ ಬಣ್ಣವಂತೂ ಮಂಡಳಿಯವರದು.
ಅವರಿಗೆ ಫೋನು ಹೋಗುತ್ತದೆ, ಎತ್ತುವುದಿಲ್ಲ.
ಬಾಟಲಿಗೆ ನೀರು ತುಂಬಿ ಮಡಿಕೇರಿ ಬಸ್ಸಿಗೆ ಕೊಟ್ಟರೆ
ಕಂಡಕ್ಟರು ಮೂಸಿದ: 'ಏನ್ ಸಾರ್, ಹೆಂಡವಾ?'

ಕುಳಿಯ ಯಾರನ್ನೂ ಕೇಳಲಿಲ್ಲ.
ಹರಿಗೋಲು ನೂಕಿ, ಬರಿಗೈ ಇಳಿಸಿ,
ಹಳದಿ ಪಟ್ಟಿಯದನ್ನು ತಬ್ಬಿ ಎತ್ತಿ
ಅರ್ಧ ನೀರಿದ್ದ ಡ್ರಮ್ಮಿನಲ್ಲಿ ಮಲಗಿಸಿ
ತೋಡು ಸೇರುವ ಜಾಗದಿಂದ ಮೇಲೆ,
ಬಿಳಿ ನೀರು ಕಲ್ಲಿಗೆ ಬಡಿವಲ್ಲಿ,
ಬಾಲ ಹಿಡಿದು ನಿಂತ.
ಎಷ್ಟು ಹೊತ್ತು? ನನ್ನ ಗಡಿಯಾರ ನಾನು ನೋಡಲಿಲ್ಲ.
ಆಮೇಲೆ ಇನ್ನೊಂದಕ್ಕೆ ಹೋದ. ಮತ್ತೊಂದಕ್ಕೆ.
ಹನ್ನೊಂದನೆಯದು ಅವನ ಕೈಯಲ್ಲೇ ಮಗ್ಗುಲಾಯಿತು.

ಸಂಜೆ ರಿಜಿಸ್ಟರು ಬಿಚ್ಚಿದೆ.
ಹಿಡಿದವರು: ಕುಳಿಯ. ಪರವಾನಗಿ: ಇಲ್ಲ.
ಗಾಳ: ಇಲ್ಲ. ತೂಕ: ಒಬ್ಬನ ತೋಳು ಸೋಲುವಷ್ಟು.
ಷರಾ ಅಂಚು ದಾಟಿತು, ಹಾಳೆ ದಾಟಿತು,
ತೋಡಿನ ಹೆಸರು, ತೋಟದ ಹೆಸರು,
ನನ್ನ ಕಾಗದ ಹೋದ ತಾರೀಖುಗಳು,
ಬಾರದ ಉತ್ತರಗಳ ತಾರೀಖುಗಳು ಹೇಗೆ ಬರೆಯಲಿ,
ಅಲ್ಲೊಂದು ಗೆರೆ ಎಳೆದು ಬಿಟ್ಟೆ.

ಮಾರ್ಚಿಯಲ್ಲಿ, ಹೂಮಳೆ ಬಿದ್ದ ಮರುದಿನ,
ಮೇಲಿನಿಂದ ಮೆಮೊ:
ಪರವಾನಗಿಯಿಲ್ಲದೆ ಹತ್ತು ಮೀನು ಹಿಡಿದವನಿಂದ
ದಂಡ ವಸೂಲಾಗಿಲ್ಲವೇಕೆ?
ಮೂರು ದಿನದೊಳಗೆ ಸಮಜಾಯಿಷಿ.

ಕುಳಿಯನಿಗೆ ಓದಿ ಹೇಳಿದೆ.
ಹುಟ್ಟು ಒರೆಸುತ್ತ ಅವನೆಂದ:
'ಹತ್ತಲ್ಲ, ಹನ್ನೊಂದು. ಸರಿಯಾಗಿ ಬರೀರಿ.'