ಎರಡು ಅಂಕ ಕಡಿಮೆ

ಗುತ್ತಿಗೆ ಹೋಯಿತು ಯಾವುದೋ ದೂರದ ಕಂಪನಿಗೆ.
ನಮಗೆ ಎರಡು ಅಂಕ ಕಡಿಮೆಯಂತೆ;
ತಲೆಗೆ, ದಿನಕ್ಕೆ, ಒಂಬತ್ತು ಡಾಲರ್ ಅಗ್ಗವಂತೆ ಅವರು.

ಟೊಲೀಡೊದ ಅಡುಗೆಮನೆಯಲ್ಲಿ
ವರ್ನೀಸ್ ಲ್ಯಾಟಿಮೋರ್ ತಕರಾರು ಅರ್ಜಿ ಬರೆಯುತ್ತಿದ್ದಾಳೆ.
ಗಡುವು ನಾಳೆ ಸಂಜೆ ಐದು.
ವಕೀಲ ಹೇಳಿದ್ದಾನೆ: ಕಣ್ಣೀರು ಬೇಡ,
ಕಲಮು, ಪುಟಸಂಖ್ಯೆ, ಅಷ್ಟೇ ಸಾಕು.

ಹಾಗಾಗಿ ಇದನ್ನು ಬರೆಯಲಿಲ್ಲ:
ಹತ್ತೊಂಬತ್ತು ವರ್ಷ ಒಳಗಿದ್ದು ಬಂದ ಓಡೆಲ್
ಮೊದಲ ವಾರವೆಲ್ಲ ನಮ್ಮ ಬಾಗಿಲ ಮುಂದೆ
ಸುಮ್ಮನೆ ನಿಂತುಬಿಡುತ್ತಿದ್ದ,
ಯಾರಾದರೂ ಬಂದು ತೆರೆಯಲೆಂದು.
ಹಿಡಿಕೆ ಕೈಗೆಟುಕುವಷ್ಟರಲ್ಲೇ ಇತ್ತು.

ರಾತ್ರಿ ಎರಡು. ನೀರಿಗೆಂದು ಇಳಿದುಬಂದವನು
ಕೇಳದೆಯೇ ಕುರ್ಚಿ ಎಳೆದು ಕೂತ.
ಮೂರು ಪ್ರತಿ ಬೇಕು. ಸ್ಟೇಪ್ಲರ್ ಹಿಡಿದಿದ್ದಾನೆ.
'ಗೆಲ್ತೀವಾ?'
'ಗೊತ್ತಿಲ್ಲ.'
'ನಲವತ್ತೊಂದನೇ ಪುಟ
ತಲೆಕೆಳಗಾಗಿದೆ, ನೋಡಿ.'