ವರೆಗೆ

ಅಧ್ಯಕ್ಷರ ಕೋಣೆಯ ಗೋಡೆಗೆ ಒಂದು ಹಸಿರು ಹಲಗೆ.
ನನಗಿಂತ ಮೊದಲು ಹತ್ತೊಂಬತ್ತು ಮಂದಿ:
ಹೆಸರು, ಇಂದ, ವರೆಗೆ.
ಎರಡು ತಾರೀಖಿನ ನಡುವೆ ಒಂದು ಗಿಡ್ಡ ಗೆರೆ.
ಆ ಗೆರೆಯೊಳಗೆ ಯಾರು ಏನು ಮಾಡಿದರೋ
ಹಲಗೆ ಕೇಳಿಲ್ಲ.

ಪೇಂಟರ್ ಸೋಮಾಚಾರಿ ಏಣಿ ಮೇಲಿಂದ ಕೇಳುತ್ತಾನೆ:
"ಅಮ್ಮಾರೇ, ಇವತ್ತಿನ ತಾರೀಕೇ ಹಾಕ್ಲಾ,
ಇಲ್ಲ ಎ.ಸಿ. ಸಾಹೇಬ್ರು ಅಂಗೀಕಾರ ಮಾಡೋ ದಿನದ್ದಾ?"
ಮುಖ್ಯಾಧಿಕಾರಿ ಕಡತ ತಿರುವುತ್ತಾರೆ.
ನಾನು ಏಣಿ ಹಿಡಿದು ನಿಂತಿದ್ದೇನೆ.
ಒಂದು ಕಾಲು ಮೋಟು ಅದಕ್ಕೆ;
ಹೊಸದು ಕೊಳ್ಳಲು ಎರಡು ಸಲ ಟಿಪ್ಪಣಿ ಬಂದಿತ್ತು,
ಎರಡು ಸಲವೂ ಮುಂದೂಡಿದ್ದು ನಾನೇ.

ಪ್ರವಾಸಿ ಮಂದಿರದಲ್ಲಿ, ಖಾರಾಬಾತ್ ಆರುತ್ತಿದ್ದಾಗ,
ಎಲೆ ಅಡಿಕೆ ಮುಟ್ಟಿ ಆಡಿದ ಮಾತು:
ಹದಿನೈದು ತಿಂಗಳು ನನಗೆ, ಉಳಿದ ಹದಿನೈದು ಪಾರ್ವತಮ್ಮನಿಗೆ.
"ಯಾವ ಎಲೆ, ಯಾವ ಅಡಿಕೆ, ಕುಂತ್ಕಳವ್ವ ಗಟ್ಟಿಯಾಗಿ"
ಅಂದವರು ನನ್ನ ಕಡೆಯವರೇ.
ಕೂರಲಿಲ್ಲ. ಪಾಂಡವಪುರಕ್ಕೆ ಬಸ್ಸಿನಲ್ಲಿ ಹೋಗಿ
ರಾಜೀನಾಮೆ ಕೊಟ್ಟು, ಚಿಲ್ಲರೆ ಎಣಿಸಿಕೊಂಡು ಬಂದೆ.

ಈಗ ಕೆ.ಆರ್. ಪೇಟೆ ತುಂಬ ಒಂದೇ ಮಾತು:
ಹಿಟ್ಟಿನ ಗಿರಣಿ ಚಿಕ್ಕತಾಯಮ್ಮ ನುಡಿದಂತೆ ನಡೆದಳು.
ಶಾಲು ಹೊದಿಸಿದರು. ಶಾಲಿನ ಜರಿ
ಕತ್ತಿನ ಹತ್ತಿರ ಚುಚ್ಚುತ್ತಲೇ ಇತ್ತು.

ನೀರುಗಂಟಿ ದ್ಯಾವಯ್ಯ ಕಲಿಸಿದ ಲೆಕ್ಕ
ಯಾವ ಆಯವ್ಯಯದಲ್ಲೂ ಇಲ್ಲ:
ನಾಕನೇ ವಾರ್ಡಿಗೆ ವಾಲ್ವ್ ಹನ್ನೊಂದು ಸುತ್ತು,
ಏಳಕ್ಕೆ ಹದಿಮೂರು,
ಒಂಬತ್ತು ದಿಬ್ಬದ ಮೇಲಿದೆ, ಹದಿನೇಳು ಬೇಕು.
ಹದಿನೇಳು ತಿರುವಿದರೆ
ಹೇಮಾವತಿ ಉಸ್ಸಪ್ಪಾ ಎಂದು ದಿಬ್ಬ ಹತ್ತಿ
ಕೊನೆಯ ನಲ್ಲಿಯಲ್ಲಿ ಒಮ್ಮೆ ಕೆಮ್ಮಿ, ಬರುತ್ತಾಳೆ.

ಒಂಬತ್ತರ ಸದಸ್ಯ ತುಂಬಿದ ಸಭೆಯಲ್ಲಿ ಮೇಜು ಕುಟ್ಟಿ
"ರಾಗಿ ಬೀಸೋರಿಗೆ ಬಜೆಟ್ಟು ಏನ್ ಗೊತ್ತು" ಅಂದ.
ನಕ್ಕರು. ನಾನೂ ನಕ್ಕೆ.
ಅವತ್ತು ಸಂಜೆ ದ್ಯಾವಯ್ಯನಿಗೆ ಹೇಳಿದೆ:
ಒಂಬತ್ತಕ್ಕೆ ಹದಿನಾಕು ಸಾಕು.
ಅವನು ನನ್ನ ಮುಖ ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ.
"ಸರಿ ಕಣವ್ವ" ಅಂದ.

ಇಪ್ಪತ್ತಾರು ದಿನ.
ಕರೆಂಟು ಸರಿಯಿಲ್ಲ ಅಂದೆವು, ಮೋಟರು ಸುಟ್ಟಿದೆ ಅಂದೆವು,
ನಡಾವಳಿ ಪುಸ್ತಕ ಎರಡನ್ನೂ ಬರೆದುಕೊಂಡಿತು.
ಮೇಜು ಕುಟ್ಟಿದವನ ಮನೆಯಲ್ಲಿ ಬೋರ್‌ವೆಲ್ ಇತ್ತು.
ಕೊನೆಯ ನಲ್ಲಿ ಹಜೀರಾಬಿಯದು.
ರಾತ್ರಿ ಎರಡರಲ್ಲಿ, ಅವಳ ಬಿಂದಿಗೆಯ ಸಾಲನ್ನು
ಜೀಪಿನ ದೀಪದಲ್ಲಿ ಒಮ್ಮೆ ನೋಡಿದೆ.
ಬಿಂದಿಗೆಗಳ ಪಕ್ಕ ಗೋಡೆಗೊರಗಿ ಕೂತೇ ನಿದ್ದೆ ಹೋಗಿದ್ದಳು.
ಜೀಪು ನಿಲ್ಲಿಸಲಿಲ್ಲ.
ಮಾರನೇ ದಿನ ಹದಿನೇಳು ಮಾಡಿಸಿದೆ,
ಯಾರಿಗೂ ಏನೂ ಹೇಳದೆ,
ದೊಡ್ಡ ಕೆಲಸ ಮಾಡಿದವಳ ಹಾಗೆ.

"ಹಾಕು, ಇವತ್ತಿನದೇ ಹಾಕು" ಅನ್ನುತ್ತೇನೆ ಸೋಮಾಚಾರಿಗೆ.
ಅವನು ಗೆರೆ ಎಳೆಯುತ್ತಾನೆ. ಕೈ ಒಳ್ಳೆಯದು, ಎಲ್ಲೂ ನಡುಗುವುದಿಲ್ಲ.

ಸೋಮವಾರ ಗಿರಣಿಯ ಬಾಗಿಲು ತೆಗೆದು ಬೆಲ್ಟಿಗೆ ರಾಳ ಹಾಕಿದೆ.
ಮೂರನೆಯವಳಾಗಿ ಹಜೀರಾಬಿ ಬಂದಳು, ಐದು ಸೇರು ರಾಗಿ.
"ಇನ್ನು ಇಲ್ಲೇ ಇರ್ತೀರಾ?"
"ಇಲ್ಲೇ."
"ಒಳ್ಳೇದಾಯ್ತು, ಆ ಹುಡುಗ ಬರೀ ತರಿ ತರಿ ಮಾಡ್ತಿದ್ದ."

ಹೇಳಿದೆ. ಮೋಟರು ಓಡುತ್ತಿರುವಾಗಲೇ ಹೇಳಿದೆ,
ಮೂರು ಸುತ್ತು, ಇಪ್ಪತ್ತಾರು ದಿನ, ಎಲ್ಲ.
ಅವಳು ಕಿವಿಗೆ ಕೈ ಹಿಡಿದು "ಏನು?" ಅಂದಳು.

ಕಲ್ಲಿನ ಚಕ್ರ ಹಿಡಿದು ತಿರುವಿದೆ.
ಬಿಸಿ ಹಿಟ್ಟು ಇಳಿಯಿತು.
ಎರಡು ಬೆರಳ ನಡುವೆ ತಿಕ್ಕಿ ನೋಡಿ, ತಲೆಯಾಡಿಸಿ,
"ಸಾಲ್ದು" ಅಂದಳು ಹಜೀರಾಬಿ,
"ಇನ್ನೊಂದು ಸುತ್ತು ಬಿಗೀರಿ."